ಹಾರ್ಟ್‌ಫರ್ಡಿನ ಮೇಸ್ತ್ರಿಯೂ ಆರ್ಥರ್ ರಾಜನ ಆಸ್ಥಾನವೂ

ನಮ್ಮ ಕೂಟದಲ್ಲಿ ಎಂಜಿನಿಯರುಗಳಿಗೆ ಬರವಿಲ್ಲ. ಯುಗಾದಿಯ ಊಟದ ಪಂಕ್ತಿಯಲ್ಲಿ ಎಡಕ್ಕೊಬ್ಬರು, ಬಲಕ್ಕೊಬ್ಬರು. ಹುಳಿಯನ್ನ ಬಡಿಸುತ್ತಾ ಬರುವವರೂ ಎಂಜಿನಿಯರೇ. ಹೀಗಿರುವಾಗ ಎಂಜಿನಿಯರನಂಥವನೊಬ್ಬ ಕಥಾನಾಯಕನಾಗಿರುವ ಕಾದಂಬರಿಯ ಬಗ್ಗೆ ನಾಲ್ಕು ಮಾತು ಬರೆದರೆ ಯಾರೂ ಬೇಸರಪಟ್ಟುಕೊಳ್ಳಲಾರರು ಎಂಬ ಧೈರ್ಯದಿಂದ ಈ ಲೇಖನಕ್ಕೆ ಕೈ ಹಾಕಿದ್ದೇವೆ. ಪುಸ್ತಕ ಹೊಸದೇನಲ್ಲ. ಮಾರ್ಕ್ ಟ್ವೈನ್ 1889ರಲ್ಲಿ ಪ್ರಕಟಿಸಿದ 'ಎ ಕನೆಕ್ಟಿಕಟ್ ಯಾಂಕೀ ಇನ್ ಕಿಂಗ್ ಆರ್ಥರ್ಸ್ ಕೋರ್ಟ್'. ಟಾಮ್ ಸಾಯರ್, ಹಕಲ್‌ಬರಿ ಫಿನ್ ಇವರಿಬ್ಬರೂ ನಮ್ಮ ಮಕ್ಕಳ ಶಾಲೆಯ ಚೀಲದಲ್ಲಿ ಮನೆಗೆ ಬಂದಿದ್ದಾರೆ. ಈ ಯಾಂಕೀ ಮಾತ್ರ ಹೆಚ್ಚಾಗಿ ಸಿನಿಮಾದ ಮೂಲಕ, ಕಾರ್ಟೂನಿನ ಮೂಲಕ ಪರಿಚಿತ. ಆದ್ದರಿಂದಲೇ ಇದು ಮಕ್ಕಳನ್ನು ನಗಿಸುವ ಕಥೆ ಎಂದು ಬಹುಮಂದಿ ತಿಳಿದಿದ್ದಾರೆ. ಮೂಲವನ್ನು ಕೊನೆಯವರೆಗೆ ಓದಿದವರಿಗೆ ಹಾಗನ್ನಿಸುವುದಿಲ್ಲ.

ಕಥೆಯ ಎಳೆ ಇಷ್ಟು. ಹ್ಯಾಂಕ್ ಮಾರ್ಗನ್ ಎಂಬವನು ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡಿನವನು. ತಂದೆ ಕಮ್ಮಾರ, ಚಿಕ್ಕಪ್ಪ ಕುದುರೆ ವೈದ್ಯ. ಇವನು ಬಂದೂಕು ಮಾಡುವ ದೊಡ್ಡ ಕಾರ್ಖಾನೆ ಸೇರಿ, ಕೆಲಸ ಕಲಿತು, ಸಾವಿರಾರು ಆಳುಗಳ ಮೇಲೆ ಮೇಸ್ತ್ರಿಯಾಗುತ್ತಾನೆ. ಒಂದು ದಿನ ಜಗಳದಲ್ಲಿ ಹರ್ಕ್ಯುಲಿಸ್ ಎಂಬ ಅಡ್ಡಹೆಸರಿನ ಕೆಲಸಗಾರ ಹಾರೆಯಿಂದ ಇವನ ತಲೆಗೆ ಬಾರಿಸುತ್ತಾನೆ. ಕಣ್ಣು ಬಿಟ್ಟಾಗ ಆರನೆಯ ಶತಮಾನದ ಇಂಗ್ಲೆಂಡು, ಆರ್ಥರ್ ರಾಜನ ಕಾಲ. ಸೆರೆ ಸಿಕ್ಕಿ ಸುಟ್ಟುಹಾಕಲು ಕಂಬಕ್ಕೆ ಕಟ್ಟಿದಾಗ ಸೂರ್ಯಗ್ರಹಣವಾಗಿ, ಸೂರ್ಯನನ್ನು ತಾನೇ ನಂದಿಸಿದೆನೆಂದು ಹೆದರಿಸಿ ಪಾರಾಗುತ್ತಾನೆ. ಮುಂದೆ ರಾಜ್ಯದ ಸರ್ವಾಧಿಕಾರಿ. ಜನ ಇವನಿಗೆ ಕೊಡುವ ಬಿರುದು 'ಬಾಸ್'. ಕಾರ್ಖಾನೆ, ಶಾಲೆ, ಟೆಲಿಗ್ರಾಫು, ಟೆಲಿಫೋನು, ರೈಲು, ಪತ್ರಿಕೆ ಎಲ್ಲವನ್ನೂ ಗುಟ್ಟಾಗಿ ಕಟ್ಟುತ್ತಾನೆ. ಕೊನೆಗೆ ಚರ್ಚು ಬಹಿಷ್ಕಾರ ಹಾಕಿದಾಗ ನಾಡೇ ಇವನ ವಿರುದ್ಧ ತಿರುಗಿ ಯುದ್ಧವಾಗುತ್ತದೆ. ಆ ಯುದ್ಧದ ಬಗ್ಗೆ ಆಮೇಲೆ ಹೇಳುತ್ತೇವೆ.

ಟ್ವೈನ್ ಈ ಪುಸ್ತಕ ಬರೆದದ್ದು ಎಂಥ ಕಾಲದಲ್ಲಿ, ಎಂಥ ಊರಿನಲ್ಲಿ ಎಂಬುದನ್ನು ತಿಳಿಯದೆ ಇದನ್ನು ಓದಿದರೆ ಅರ್ಧ ರುಚಿ ಹೋಗುತ್ತದೆ. ಹಾರ್ಟ್‌ಫರ್ಡಿನಲ್ಲಿ ಬಂದೂಕಿನ ದೊಡ್ಡ ಕಾರ್ಖಾನೆ ಎಂದರೆ ಸ್ಯಾಮ್ಯುಯೆಲ್ ಕೋಲ್ಟ್ ಕಟ್ಟಿದ್ದೇ. ನೀಲಿ ಈರುಳ್ಳಿಯಾಕಾರದ ಅದರ ಗುಮ್ಮಟವನ್ನು ಹೆದ್ದಾರಿಯಲ್ಲಿ ಹೋಗುವಾಗ ಈಗಲೂ ನೋಡಬಹುದು. ಒಂದು ಬಂದೂಕಿನ ಬಿಡಿಭಾಗ ಇನ್ನೊಂದಕ್ಕೂ ಹೊಂದುವ ಹಾಗೆ ಯಂತ್ರದಿಂದಲೇ ಕಡೆದು ತೆಗೆಯುವ ವಿದ್ಯೆ ಪಳಗಿದ್ದು ಇಂಥ ಕಡೆಗಳಲ್ಲಿ. ಅದೇ ವಿದ್ಯೆ ಮುಂದೆ ಹೊಲಿಗೆ ಯಂತ್ರಕ್ಕೆ, ಟೈಪ್‌ರೈಟರಿಗೆ, ಬೈಸಿಕಲ್ಲಿಗೆ ಹೋಯಿತು. ಟ್ವೈನ್ 1874ರಿಂದ 1891ರವರೆಗೆ ಸಂಸಾರ ಸಮೇತ ಈ ಊರಿನಲ್ಲಿದ್ದ. 1878ರ ಜನವರಿಯಲ್ಲಿ ಪಕ್ಕದ ನ್ಯೂ ಹೇವನ್‌ನಲ್ಲಿ ಜಗತ್ತಿನ ಮೊದಲ ವಾಣಿಜ್ಯ ಟೆಲಿಫೋನ್ ಎಕ್ಸ್‌ಚೇಂಜು ತೆರೆಯಿತು. ಟ್ವೈನ್ ತನ್ನ ಮನೆಗೆ ಬೇಗನೆ ಟೆಲಿಫೋನು ಹಾಕಿಸಿಕೊಂಡವರಲ್ಲಿ ಒಬ್ಬ. ಕಾದಂಬರಿಯಲ್ಲಿ ನಾಯಕನ ಮಗಳ ಹೆಸರೇ 'ಹಲೋ ಸೆಂಟ್ರಲ್'! ನಿದ್ದೆಯಲ್ಲಿ ಗಂಡ ಹಾಗೆ ಕನವರಿಸುವುದನ್ನು ಕೇಳಿದ ಹೆಂಡತಿ, ಅದು ಅವನ ಹಳೆಯ ಪ್ರೇಯಸಿಯ ಹೆಸರೆಂದು ತಿಳಿದು, ಉದಾರ ಮನಸ್ಸಿನಿಂದ ಮಗುವಿಗೆ ಇಟ್ಟುಬಿಡುತ್ತಾಳೆ. ಹೆಸರಿಡುವ ವಿಚಾರದಲ್ಲಿ ನಮ್ಮ ಮನೆಗಳಲ್ಲಿ ನಡೆಯುವ ಚರ್ಚೆಗಳು ಇದರ ಮುಂದೆ ಏನೂ ಅಲ್ಲ.

ಅಧಿಕಾರಕ್ಕೆ ಬಂದ ಹ್ಯಾಂಕ್ ಮೊದಲ ದಿನವೇ ಮಾಡುವ ಕೆಲಸ ಯಾವುದು ಬಲ್ಲಿರಾ? ಆಸ್ಪತ್ರೆಯಲ್ಲ, ಶಾಲೆಯಲ್ಲ. ಪೇಟೆಂಟ್ ಆಫೀಸು ತೆರೆಯುವುದು. ಇದು ಟ್ವೈನನ ಬರಿಯ ತಮಾಷೆಯಲ್ಲ. ಅಮೆರಿಕದಲ್ಲಿ ಪೇಟೆಂಟುಗಳಿಗೆ ಈಗಿನ ಕ್ರಮಸಂಖ್ಯೆ ಕೊಡಲು ಆರಂಭಿಸಿದ್ದು 1836ರಲ್ಲಿ. ನಲವತ್ತು ವರ್ಷಗಳ ಮೇಲೆ, 1876ರ ಮಾರ್ಚಿಯಲ್ಲಿ, ಗ್ರಹಾಂ ಬೆಲ್ಲನ ಟೆಲಿಫೋನಿಗೆ ಸಿಕ್ಕ ಸಂಖ್ಯೆ 1,74,465. ಎಡಿಸನ್ನನ ವಿದ್ಯುದ್ದೀಪಕ್ಕೆ 1880ರ ಜನವರಿಯಲ್ಲಿ ಸಿಕ್ಕ ಸಂಖ್ಯೆ 2,23,898. ಎಂದರೆ ನಾಲ್ಕು ವರ್ಷ ತುಂಬುವ ಮೊದಲೇ 49,000ಕ್ಕೂ ಮೀರಿ. 1911ರಲ್ಲಿ ಸಂಖ್ಯೆ ಹತ್ತು ಲಕ್ಷ ಮುಟ್ಟಿತು. ಟ್ವೈನನ ಹೆಸರಿನಲ್ಲೇ ಮೂರು ಪೇಟೆಂಟುಗಳಿವೆ. 1871ರದು ಅಂಗಿ ಚಲ್ಲಣಗಳಿಗೆ ಹಾಕುವ ಹೊಂದಿಸಬಹುದಾದ ಪಟ್ಟಿ, 1873ರದು ತಾನೇ ಅಂಟಿಕೊಳ್ಳುವ ಹಾಳೆಯ ಪುಸ್ತಕ, 1885ರದು ಇತಿಹಾಸದ ತಾರೀಖು ನೆನಪಿಡುವ ಆಟ. ಈ ಮೂರರಲ್ಲಿ ದುಡ್ಡು ತಂದದ್ದು ಅಂಟಿನ ಪುಸ್ತಕ.

ಹೀಗೆ ಯಂತ್ರದ ಹುಚ್ಚು ಹತ್ತಿದ್ದ ಲೇಖಕ ಯಂತ್ರದ ಮೇಲೆ ಬರೆದ ಕಾದಂಬರಿ ಎಂದ ಮೇಲೆ ಅದು ಯಂತ್ರದ ಹಾಡಾಗಿರಬೇಕು ತಾನೇ? ಮೊದಲರ್ಧ ಹಾಗೆಯೇ ಇದೆ, ಬಲು ಸೊಗಸಾಗಿಯೂ ಇದೆ. ಅಲೆಮಾರಿ ವೀರರ ಎದೆಗೆ ಸೋಪಿನ ಜಾಹೀರಾತಿನ ಹಲಗೆ ಕಟ್ಟಿ ಊರೂರಿಗೆ ಕಳಿಸುತ್ತಾನೆ ಹ್ಯಾಂಕ್. ಒಣಗಿದ ಪುಣ್ಯತೀರ್ಥದ ಬಾವಿಯ ಸೋರಿಕೆಯನ್ನು ಗಾರೆ ಕೆಲಸದಿಂದ ಮುಚ್ಚಿ, ಪಂಪು ಹಾಕಿ, ಆ ಸಾಧಾರಣ ರಿಪೇರಿ ಜನರಿಗೆ ತಿಳಿಯದಿರಲೆಂದು ಬಾಣ ಬಿರುಸು ಹಾರಿಸಿ ಪವಾಡವೆಂದು ನಂಬಿಸುತ್ತಾನೆ. ಕಂಬದ ಮೇಲೆ ನಿಂತು ಹಗಲಿರುಳು ಬಗ್ಗಿ ಬಗ್ಗಿ ನಮಸ್ಕಾರ ಮಾಡುವ ಸನ್ಯಾಸಿಯೊಬ್ಬನನ್ನು ಕಂಡು, ಇಷ್ಟು ಶಕ್ತಿ ವ್ಯರ್ಥವಾಗುತ್ತಿದೆಯಲ್ಲ ಎಂದು ಮರುಗಿ, ಅವನ ಮೈಗೆ ಹಗ್ಗ ಬಿಗಿದು ಹೊಲಿಗೆ ಯಂತ್ರಕ್ಕೆ ಜೋಡಿಸುತ್ತಾನೆ. ನಾವು ಈ ಭಾಗವನ್ನು ಮನೆಯಲ್ಲಿ ಗಟ್ಟಿಯಾಗಿ ಓದಿದಾಗ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ನಗು ಇಳಿದ ಮೇಲೆ ಲೆಕ್ಕ ನೋಡಬೇಕು. ಸನ್ಯಾಸಿ ಐದು ವರ್ಷ ದುಡಿಯುತ್ತಾನೆ, ಭಾನುವಾರವೂ ಬಿಡುವಿಲ್ಲ. ಹದಿನೆಂಟು ಸಾವಿರಕ್ಕೂ ಮೇಲೆ ಅಂಗಿಗಳು ತಯಾರಾಗುತ್ತವೆ. ಅವನಿಗೆ ಕೊಟ್ಟ ಕೂಲಿ ಸೊನ್ನೆ. ಅವನ ಮೈಯಲ್ಲಿ ಕಸುವು ಕಡಿಮೆಯಾಗುತ್ತಿದೆ ಎಂಬ ಸೂಚನೆ ಸಿಕ್ಕ ಕೂಡಲೇ ಹ್ಯಾಂಕ್ ಆ ವ್ಯವಹಾರವನ್ನು ಷೇರು ಕಂಪನಿ ಮಾಡಿ, ಒಬ್ಬ ವೀರನಿಗೂ ಅವನ ಸ್ನೇಹಿತರಿಗೂ ಮಾರಿ ಕೈತೊಳೆದುಕೊಳ್ಳುತ್ತಾನೆ. ವರ್ಷದೊಳಗೆ ಸನ್ಯಾಸಿ ತೀರಿಕೊಳ್ಳುತ್ತಾನೆ, ಕಂಪನಿಯೂ ನಿಲ್ಲುತ್ತದೆ. ಎರಡೇ ಪುಟದ ಈ ಪ್ರಸಂಗದಲ್ಲಿ ಟ್ವೈನ್ ತನ್ನ ಕಾಲದ ಉದ್ಯಮದ ಇಡೀ ಕಾರುಬಾರನ್ನು ಇಟ್ಟಿದ್ದಾನೆ: ಹೊಸ ಕಣ್ಣಿನ ಚುರುಕು, ಬಿಟ್ಟಿ ದುಡಿಮೆ, ಷೇರು ಪೇಟೆಯ ಕೈಚಳಕ. ಇವುಗಳಲ್ಲಿ ಯಾವುದನ್ನು ಅವನು ಮೆಚ್ಚಿಕೊಂಡ, ಯಾವುದನ್ನು ಹೀಗಳೆದ ಎಂದು ಕೇಳಿದರೆ ಉತ್ತರ ಸುಲಭವಲ್ಲ. ಅವನಿಗೇ ಗೊತ್ತಿರಲಿಲ್ಲವೆಂದು ನಮ್ಮ ಅನಿಸಿಕೆ. ಪುಸ್ತಕದ ಬಲವೂ ಅದೇ, ದೋಷವೂ ಅದೇ.

ದೋಷಗಳನ್ನು ಮೊದಲು ಹೇಳಿ ಮುಗಿಸುತ್ತೇವೆ. ನಡುವಣ ಭಾಗ ಬಹಳ ಎಳೆದಾಟ. ಕೂಲಿ ಹೆಚ್ಚಿದ್ದರೆ ಸಾಲದು, ಆ ಕೂಲಿಗೆ ಏನು ಸಾಮಾನು ಬರುತ್ತದೆ ನೋಡಬೇಕು ಎಂದು ಹಳ್ಳಿಯ ಕಮ್ಮಾರನಿಗೆ ತಿಳಿಹೇಳುವ ಅಧ್ಯಾಯವಿದೆ. ಆಗ ಅಮೆರಿಕದಲ್ಲಿ ಆಮದು ಸುಂಕದ ಜಗಳ ಜೋರಾಗಿತ್ತು, 1888ರ ಚುನಾವಣೆ ಅದರ ಮೇಲೆಯೇ ನಡೆಯಿತು. ಅಂದಿನ ಓದುಗರಿಗೆ ಬಿಸಿಬಿಸಿಯಾಗಿದ್ದದ್ದು ನಮಗೆ ತಂಗಳು. ಚರ್ಚಿನವರ ಚಿತ್ರಣ ತೀರ ಒರಟು. ಸ್ಯಾಂಡಿ ಎಂಬ ಹೆಂಡತಿಯ ಪಾತ್ರ ಬರಿಯ ವಾಚಾಳಿಯಾಗಿ ಶುರುವಾಗಿ, ಆಮೇಲೆ ಲೇಖಕನಿಗೆ ಬೇಕೆನಿಸಿದಾಗ ಸಾಧ್ವಿಯಾಗುತ್ತದೆ. ನಡುವೆ ಏನಾಯಿತೆಂದು ತಿಳಿಯುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಕೊರತೆ ಎಂದರೆ ಹ್ಯಾಂಕನ ಕಾರ್ಖಾನೆಗಳ ಒಳಗೆ ನಮ್ಮನ್ನು ಟ್ವೈನ್ ಕರೆದುಕೊಂಡೇ ಹೋಗುವುದಿಲ್ಲ. ಅಲ್ಲಿ ದುಡಿಯುವ ಒಬ್ಬನ ಹೆಸರಿಲ್ಲ, ಒಬ್ಬನ ಮಾತಿಲ್ಲ. ಮನುಷ್ಯರನ್ನು ತಯಾರಿಸುವ ಕಾರ್ಖಾನೆ ಎಂದು ತನ್ನ ಶಾಲೆಗೆ ಹ್ಯಾಂಕ್ ಹೆಸರಿಟ್ಟಿರುವುದನ್ನು ನೋಡಿ. ಗುಲಾಮರನ್ನು ಮನುಷ್ಯರನ್ನಾಗಿ ಮಾಡುವುದು ಅವನ ಉದ್ದೇಶ. ಉದ್ದೇಶ ಒಳ್ಳೆಯದೇ. ಮಾತು ಮಾತ್ರ ಮೇಸ್ತ್ರಿಯದು.

ಇದು ಟ್ವೈನನಿಗೆ ಕಾಣದ ವಿಷಯವಾಗಿರಲಿಲ್ಲ ಎಂಬುದು ಇನ್ನೂ ಸೋಜಿಗ. ಅವನು ಬರೆಯುತ್ತಿದ್ದ 1886ರಲ್ಲೇ ಅಮೆರಿಕದಲ್ಲಿ ಇನ್ನೊಂದು ಬಗೆಯ 'ನೈಟ್ಸ್' ಇದ್ದರು. 'ನೈಟ್ಸ್ ಆಫ್ ಲೇಬರ್' ಎಂಬ ಕಾರ್ಮಿಕ ಸಂಘಕ್ಕೆ ಆ ವರ್ಷ ಏಳು ಲಕ್ಷಕ್ಕೂ ಮೀರಿ ಸದಸ್ಯರು. ಎಂಟು ಗಂಟೆ ದುಡಿಮೆಗಾಗಿ ಷಿಕಾಗೋದಲ್ಲಿ ನಡೆದ ಚಳವಳಿ ಆ ಮೇ ತಿಂಗಳಲ್ಲಿ ಹೇಮಾರ್ಕೆಟ್ಟಿನ ಬಾಂಬಿನಲ್ಲಿ ಕೊನೆಗೊಂಡಿತು. ಅದೇ ವರ್ಷದ ಮಾರ್ಚಿಯಲ್ಲಿ ಟ್ವೈನ್ ಹಾರ್ಟ್‌ಫರ್ಡಿನ ಗೆಳೆಯರ ಕೂಟದಲ್ಲಿ ಈ ಸಂಘದ ಪರವಾಗಿ ಭಾಷಣವನ್ನೂ ಓದಿದ್ದ. ಆದರೂ ಕಾದಂಬರಿಯಲ್ಲಿ ದುಡಿಯುವವನ ದನಿ ಎಂದರೆ ಮೊದಲ ಪುಟಗಳ ಆ ಹಾರೆಯ ಏಟು ಒಂದೇ. ಹರ್ಕ್ಯುಲಿಸ್ ಏಕೆ ಹೊಡೆದ? ಮೇಸ್ತ್ರಿಗೂ ಅವನಿಗೂ ಜಗಳ ಯಾವುದರ ಮೇಲೆ? ಹ್ಯಾಂಕ್ ಹೇಳುವುದಿಲ್ಲ, ಹದಿಮೂರು ಶತಮಾನ ಹಿಂದೆ ಹೋದ ಮೇಲೆ ಅದನ್ನು ಒಮ್ಮೆಯೂ ಯೋಚಿಸುವುದಿಲ್ಲ. ನೂರಾರು ಪುಟ ರಾಜರನ್ನೂ ಜಮೀನುದಾರರನ್ನೂ ಬಯ್ಯುವವನಿಗೆ ತನ್ನ ಕೆಳಗೆ ದುಡಿದವನ ಸಿಟ್ಟು ನೆನಪಾಗದಿರುವುದು ವಿಚಿತ್ರವಲ್ಲವೇ? ಪ್ರಜಾಪ್ರಭುತ್ವದ ಭಕ್ತನಾದ ಈ ಮನುಷ್ಯ 'ಬಾಸ್' ಎಂಬ ಬಿರುದನ್ನು ಎಷ್ಟು ಹೆಮ್ಮೆಯಿಂದ ಹೊತ್ತು ತಿರುಗುತ್ತಾನೆ!

ಹ್ಯಾಂಕನ ಮೇಲೆ ನಾವು ಬರಿಯ ತಪ್ಪು ಹೊರಿಸುತ್ತಿದ್ದೇವೆ ಎಂದು ಯಾರೂ ಭಾವಿಸಬಾರದು. ಅವನ ಸಿಟ್ಟಿಗೆ ಕಾರಣವಿದೆ. ಸೈನ್ಯದ ಅಧಿಕಾರಿ ಹುದ್ದೆಗೆ ಪರೀಕ್ಷೆ ನಡೆಯುವ ಅಧ್ಯಾಯ ಓದಿ. ಹ್ಯಾಂಕ್ ತನ್ನ ಶಾಲೆಯಲ್ಲಿ ತಯಾರು ಮಾಡಿದ ನೇಕಾರನ ಮಗ ಬರುತ್ತಾನೆ. ಗುಂಡು, ಮದ್ದು, ಗಣಿತ, ವ್ಯೂಹ ಎಲ್ಲದರಲ್ಲೂ ಪಾರಂಗತ. ಮಂಡಲಿಯವರು ಕೇಳುವ ಪ್ರಶ್ನೆ ಅಪ್ಪ ಯಾರು, ತಾತ ಯಾರು, ಮುತ್ತಾತ ಯಾರು ಎಂಬುದು. ನಾಲ್ಕು ತಲೆಮಾರಿನ ಕುಲೀನತೆ ಇಲ್ಲವಾದ್ದರಿಂದ ಅವನು ಹೊರಕ್ಕೆ, ಓದಲು ಬರೆಯಲು ಬಾರದ ಶ್ರೀಮಂತನ ಮಗ ಒಳಕ್ಕೆ. ಇದನ್ನು ಓದಿ ನಗುವ ಅಮೆರಿಕನ್ನರು ಬೇಕಾದಷ್ಟು ಮಂದಿ ಇರಬಹುದು. ಯಾವ ಮನೆತನ, ಯಾವ ಪಂಗಡ ಎಂಬ ಪ್ರಶ್ನೆ ಕೇಳಿಸಿಕೊಂಡು ಬೆಳೆದ ನಮಗೆ ನಗು ಗಂಟಲಲ್ಲೇ ನಿಲ್ಲುತ್ತದೆ. ಇಂಥ ಲೋಕವನ್ನು ಬಲ್ಲವನು ಯಂತ್ರವನ್ನೂ ಪರೀಕ್ಷೆಯನ್ನೂ ಪೇಟೆಂಟನ್ನೂ ದೇವರೆಂದು ನಂಬಿದರೆ ಆಶ್ಚರ್ಯವೇನು? ಪೇಟೆಂಟಿನ ಅರ್ಜಿಯಲ್ಲಿ ಮುತ್ತಾತನ ಹೆಸರು ಕೇಳುವುದಿಲ್ಲ. ನಮ್ಮಲ್ಲಿ ಅನೇಕರು ಈ ದೇಶಕ್ಕೆ ಬಂದದ್ದರ ಹಿಂದೆಯೂ ಅಂಥದೊಂದು ನಂಬಿಕೆ ಇದ್ದೇ ಇದೆ.

ಹಾಗಾಗಿಯೇ ಕೊನೆಯ ಅಧ್ಯಾಯಗಳು ಮೈ ನಡುಗಿಸುತ್ತವೆ. ಆರ್ಥರನ ವೀರರು ಈಗ ಷೇರು ಪೇಟೆಯಲ್ಲಿದ್ದಾರೆ. ಲಾನ್ಸೆಲಾಟ್ ರೈಲು ಕಂಪನಿಯ ಷೇರುಗಳನ್ನು ಒಟ್ಟಿಗೆ ಕೈವಶ ಮಾಡಿಕೊಂಡು ಉಳಿದವರ ಕತ್ತು ಹಿಸುಕಿದಾಗ ಆಸ್ಥಾನ ಒಡೆಯುತ್ತದೆ. ಇದು ಆ ಕಾಲದ ನ್ಯೂಯಾರ್ಕಿನ ರೈಲು ದೊರೆಗಳ ಕಥೆಯೇ. ಅಂತರ್ಯುದ್ಧ ಶುರುವಾಗುತ್ತದೆ, ಆರ್ಥರ್ ಸಾಯುತ್ತಾನೆ, ಚರ್ಚು ಬಹಿಷ್ಕಾರ ಘೋಷಿಸುತ್ತದೆ. ಹ್ಯಾಂಕ್ ಇಷ್ಟು ವರ್ಷ ಓದಿಸಿದ ಜನ ಒಂದೇ ರಾತ್ರಿಯಲ್ಲಿ ಹಳೆಯ ಭಯಕ್ಕೆ ಮರಳುತ್ತಾರೆ. ಅವನ ಜೊತೆ ಉಳಿಯುವವರು ಶಿಷ್ಯ ಕ್ಲಾರೆನ್ಸ್, ಮತ್ತು ಹದಿನಾಲ್ಕರಿಂದ ಹದಿನೇಳು ವರ್ಷದ 52 ಮಂದಿ ಹುಡುಗರು. ಮೆರ್ಲಿನನ ಗುಹೆಯಲ್ಲಿ ಅಡಗಿ, ಸುತ್ತ ವಿದ್ಯುತ್ ತಂತಿಯ ಬೇಲಿ, ನೆಲದಲ್ಲಿ ಡೈನಮೈಟು, ಹದಿಮೂರು ಗ್ಯಾಟ್ಲಿಂಗ್ ಬಂದೂಕುಗಳು. ಯುದ್ಧಕ್ಕೆ ಮುಂಚೆ ಹ್ಯಾಂಕ್ ಒಂದು ಗುಂಡಿ ಒತ್ತುತ್ತಾನೆ; ಅವನು ಕಟ್ಟಿದ ಕಾರ್ಖಾನೆಗಳೆಲ್ಲ ಒಂದೇ ಸಲಕ್ಕೆ ಸಿಡಿದು ಹೋಗುತ್ತವೆ, ಶತ್ರುಗಳ ಕೈಗೆ ಸಿಗಬಾರದಲ್ಲ. ಆಮೇಲೆ ಕತ್ತಲಲ್ಲಿ ಲೋಹದ ಕವಚ ತೊಟ್ಟ ವೀರರು ಸದ್ದಿಲ್ಲದೆ ಬಂದು ತಂತಿ ಮುಟ್ಟುತ್ತಾರೆ, ನಿಂತಲ್ಲೇ ಸಾಯುತ್ತಾರೆ, ಹಿಂದಿನವನು ಸತ್ತವನ ಭುಜ ಮುಟ್ಟಿ ತಾನೂ ಸಾಯುತ್ತಾನೆ. ಉಳಿದವರಿಗೆ ಗ್ಯಾಟ್ಲಿಂಗು, ಅದರಿಂದ ತಪ್ಪಿದವರಿಗೆ ಕಂದಕದ ನೀರು. ಸತ್ತವರು 25,000.

ಗೆದ್ದವರ ಗತಿ? ಸುತ್ತ ಹೆಣಗಳ ಗೋಡೆ. ಕೊಳೆತ ಗಾಳಿಯಿಂದ ಗುಹೆಯ ಹುಡುಗರು ಕಾಯಿಲೆ ಬೀಳುತ್ತಾರೆ. ಗುಹೆ ಬಿಟ್ಟರೆ ಶತ್ರುಗಳು, ಅಲ್ಲೇ ಇದ್ದರೆ ಸಾವು. ಗಾಯಾಳುಗಳನ್ನು ನೋಡಲು ಹೊರಬಂದಿದ್ದ ಹ್ಯಾಂಕನಿಗೆ ಅವರಲ್ಲೇ ಒಬ್ಬ ಇರಿದಿರುತ್ತಾನೆ. ಮೆರ್ಲಿನ್ ಹೆಂಗಸಿನ ವೇಷದಲ್ಲಿ ಬಂದು ಹದಿಮೂರು ಶತಮಾನದ ನಿದ್ದೆ ಹಾಕಿಸಿಬಿಡುತ್ತಾನೆ.

ಪ್ರಕಟವಾದ ದಿನದಿಂದ ಇಂದಿನವರೆಗೂ ಈ ಅಂತ್ಯದ ಬಗ್ಗೆ ತಕರಾರಿದೆ. ತಮಾಷೆಯ ಕಥೆಗೆ ಈ ರಕ್ತಪಾತ ಹೊಂದುವುದಿಲ್ಲ, ಟ್ವೈನ್ ಕೈ ತಪ್ಪಿದ ಎಂದು ಅನೇಕ ವಿಮರ್ಶಕರ ಅಭಿಪ್ರಾಯ. 1949ರ ಬಿಂಗ್ ಕ್ರಾಸ್ಬಿಯ ಹಾಡು ಕುಣಿತದ ಸಿನಿಮಾದಲ್ಲಿ ಈ ಹತ್ಯಾಕಾಂಡವನ್ನೇ ಬಿಟ್ಟಿದ್ದಾರೆ. ನಾವು ಇದನ್ನು ಒಪ್ಪುವುದಿಲ್ಲ. ಮೊದಲ ಪುಟಗಳಿಗೆ ಹಿಂತಿರುಗಿ ನೋಡಿ. ತನಗೆ ಏನೇನು ಮಾಡಲು ಬರುತ್ತದೆ ಎಂದು ಹ್ಯಾಂಕ್ ಪಟ್ಟಿ ಕೊಡುತ್ತಾನೆ. ಮೊದಲು ಬರುವುದು ಬಂದೂಕು, ರಿವಾಲ್ವರು, ತೋಪು. ಬಾಯ್ಲರು, ಎಂಜಿನ್ನು, ದುಡಿಮೆ ಉಳಿಸುವ ಯಂತ್ರಗಳು ಆಮೇಲೆ. ಅವನು ಕಲಿತ ಶಾಲೆ ಬಂದೂಕಿನ ಕಾರ್ಖಾನೆ. ಗ್ಯಾಟ್ಲಿಂಗ್ ಬಂದೂಕು ತಯಾರಾಗುತ್ತಿದ್ದದ್ದೂ ಹಾರ್ಟ್‌ಫರ್ಡಿನ ಕೋಲ್ಟ್ ಕಾರ್ಖಾನೆಯಲ್ಲೇ. ಕಥೆಯುದ್ದಕ್ಕೂ ಅವನ ಪವಾಡಗಳಲ್ಲಿ ಸಿಡಿಮದ್ದು ಇದೆ: ಮೆರ್ಲಿನನ ಗೋಪುರ ಹಾರಿಸುವಾಗ, ಬಾವಿಯ ನೀರು ತರುವಾಗ, ಎದುರು ಬಂದ ಕುದುರೆ ಸವಾರರನ್ನು ಬಾಂಬಿನಿಂದ ಚೂರು ಮಾಡುವಾಗ. ನಾವು ನಗುತ್ತಾ ಓದಿಕೊಂಡು ಬಂದೆವು, ಅಷ್ಟೇ. ಕೊನೆಯಲ್ಲಿ ಬದಲಾದದ್ದು ಸತ್ತವರ ಲೆಕ್ಕ ಮಾತ್ರ.

ಈ ಮಾತಿಗೆ ಪೂರಕವಾಗಿ ಟ್ವೈನನ ಜೀವನದಲ್ಲೇ ಒಂದು ಯಂತ್ರವಿದೆ. ಬಾಲ್ಯದಲ್ಲಿ ಅವನು ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದ ಹುಡುಗ. ಜೇಮ್ಸ್ ಪೇಜ್ ಎಂಬ ಶೋಧಕ ಮೊಳೆಗಳನ್ನು ತಾನೇ ಜೋಡಿಸಿ, ಸಾಲು ಸರಿಮಾಡಿ, ಮತ್ತೆ ಬಿಡಿಸಿ ಮನೆಗಳಿಗೆ ಹಾಕುವ ಯಂತ್ರವನ್ನು ಕಟ್ಟುತ್ತಿದ್ದ. ಟ್ವೈನ್ ಅದನ್ನು ಮೊದಲು ನೋಡಿದ್ದು 1880ರ ಸುಮಾರಿಗೆ, ಅದೇ ಕೋಲ್ಟ್ ಕಾರ್ಖಾನೆಯಲ್ಲಿ. ನೋಡಿ ಮರುಳಾದ. ಹದಿನೆಂಟು ಸಾವಿರ ಬಿಡಿಭಾಗಗಳಿದ್ದ ಆ ಯಂತ್ರ ಕೆಲಸ ಮಾಡಿದಾಗ ಅದ್ಭುತವಾಗಿ ಮಾಡುತ್ತಿತ್ತು. ಆದರೆ ಪದೇಪದೇ ಕೆಡುತ್ತಿತ್ತು, ಪೇಜ್ ಇನ್ನೊಂದು ಸುಧಾರಣೆ ಎಂದು ಪದೇಪದೇ ಬಿಚ್ಚುತ್ತಿದ್ದ. ಇತ್ತ 1886ರಲ್ಲಿ ಮರ್ಗೆಂಥೇಲರನ ಲೈನೋಟೈಪ್ 'ನ್ಯೂಯಾರ್ಕ್ ಟ್ರಿಬ್ಯೂನ್' ಪತ್ರಿಕೆಯಲ್ಲಿ ಕೆಲಸಕ್ಕೆ ನಿಂತಿತು. ಅದು ಮೊಳೆ ಜೋಡಿಸುವ ಮನುಷ್ಯನ ಕೈಯನ್ನು ಅನುಕರಿಸಲೇ ಇಲ್ಲ, ಕಾದ ಸೀಸದಿಂದ ಇಡೀ ಸಾಲನ್ನೇ ಎರಕ ಹೊಯ್ಯಿತು. ಗೆದ್ದದ್ದು ಅದು. ಯಾಂಕೀ ಕಾದಂಬರಿಯೂ ಪೇಜನ ಯಂತ್ರವೂ ಒಂದೇ ದಿನ ಮುಗಿಯಬೇಕೆಂದು ಟ್ವೈನ್ ಆಸೆಪಟ್ಟಿದ್ದ. ಕಾದಂಬರಿ ಮುಗಿಯಿತು. ಯಂತ್ರ 1894ರಲ್ಲಿ ಷಿಕಾಗೋದ ಪತ್ರಿಕೆಯೊಂದರಲ್ಲಿ ಪರೀಕ್ಷೆಗೆ ನಿಂತು ಸೋತಿತು. ಅವನು ಅದರಲ್ಲಿ ಸುರಿದ ಹಣ ಸುಮಾರು ಮೂರು ಲಕ್ಷ ಡಾಲರ್ ಎಂಬುದು ಸಾಮಾನ್ಯವಾಗಿ ಕೊಡುವ ಅಂಕಿ. ಅದೇ 1894ರಲ್ಲಿ ಅವನ ಪ್ರಕಾಶನ ಸಂಸ್ಥೆಯೂ ದಿವಾಳಿಯಾಯಿತು. ಸಾಲ ತೀರಿಸಲು ಅವನು ಹೊರಟ ಭಾಷಣ ಯಾತ್ರೆಯಲ್ಲೇ 1896ರ ಜನವರಿಯಲ್ಲಿ ಮುಂಬಯಿಗೆ ಬಂದಿಳಿದದ್ದು. ವ್ಯವಹಾರ ಸರಿಪಡಿಸಿಕೊಟ್ಟವನು ಯಾರೆಂದರೆ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯ ಹೆನ್ರಿ ರಾಜರ್ಸ್, ಆ ಕಾಲದ ಅತಿ ಕಠಿಣ ಕುಳಗಳಲ್ಲೊಬ್ಬ. ಟ್ವೈನ್ ಬಯ್ದದ್ದು ಯಾರನ್ನು, ಅವನನ್ನು ಉಳಿಸಿದ್ದು ಯಾರು!

ಕಾದಂಬರಿಯಲ್ಲಿ ಕ್ಲಾರೆನ್ಸ್ ಹೊರಡಿಸುವ ಕ್ಯಾಮೆಲಾಟಿನ ವಾರಪತ್ರಿಕೆಯ ಮೊದಲ ಸಂಚಿಕೆ ತಲೆಕೆಳಗಾದ ಅಕ್ಷರ, ಬೆರೆತ ಮೊಳೆಗಳಿಂದ ತುಂಬಿದೆ. ಅಚ್ಚುಕೂಟದ ಹಳೆಯ ಕೈ ಬರೆದ ಪುಟ ಅದು, ಪ್ರೀತಿ ಒಸರುತ್ತದೆ. ನಮ್ಮ ಪತ್ರಿಕೆಯ ಒತ್ತಕ್ಷರದ ಅವಾಂತರಗಳಿಗೆ ಆಗಾಗ ದೂರು ಬರೆಯುವ ಸದಸ್ಯರು ಇದನ್ನು ಓದಿದರೆ ಸಂಪಾದಕರ ಮೇಲೆ ಸ್ವಲ್ಪ ಕನಿಕರ ಹುಟ್ಟೀತು.

ಹ್ಯಾಂಕ್ ಎಲ್ಲವನ್ನೂ ಗುಟ್ಟಾಗಿ, ಮೇಲಿನಿಂದ ಕಟ್ಟಿದ್ದಕ್ಕೇ ಬಿದ್ದಿತು ಎಂದು ನಾವು ಹೇಳಿದಾಗ ನಮ್ಮ ಗೆಳೆಯರೊಬ್ಬರು ವಾದ ಹೂಡಿದರು: "ಹಾಗಾದರೆ ನಮ್ಮ ಶಿವನಸಮುದ್ರ? ಅದನ್ನೂ ಮೇಲಿನವರೇ ಕಟ್ಟಿದ್ದಲ್ಲವೇ? ನಿಂತಿದೆಯಲ್ಲ!" ಮಾತು ಸರಿ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಕೈಗೆತ್ತಿಕೊಂಡ ಆ ಕೆಲಸಕ್ಕೆ ಯಂತ್ರ ಒದಗಿಸಿದ್ದು ಜನರಲ್ ಎಲೆಕ್ಟ್ರಿಕ್. ಎಡಿಸನ್ನನ ಕಂಪನಿಯೂ ಸೇರಿ 1892ರಲ್ಲಿ ಹುಟ್ಟಿದ ಸಂಸ್ಥೆ ಅದು. 1902ರಲ್ಲಿ ಕಾವೇರಿಯ ವಿದ್ಯುತ್ತು 92 ಮೈಲಿ ಹರಿದು ಮೊದಲು ಮುಟ್ಟಿದ್ದು ಕೋಲಾರದ ಚಿನ್ನದ ಗಣಿಗಳನ್ನು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಆ ಮೂರು ವರ್ಷದ ಅಂತರದಲ್ಲಿ ಟ್ವೈನನಿಗೆ ಒಂದು ಅಧ್ಯಾಯಕ್ಕಾಗುವಷ್ಟು ಸಾಮಗ್ರಿ ಇದೆ ಎಂದು ನಾವು ಅಂದೆವು. ಆದರೂ ದೀಪ ಬಂತಲ್ಲ ಎಂದರು ಅವರು. ವಾದ ಕಾಫಿಯ ಜೊತೆಗೆ ಮುಂದುವರಿಯಿತು, ಇನ್ನೂ ತೀರ್ಮಾನವಾಗಿಲ್ಲ.

ನಮಗೆ ಇಡೀ ಪುಸ್ತಕದಲ್ಲಿ ಎಲ್ಲಕ್ಕಿಂತ ಹಿರಿದೆನಿಸಿದ ಅಧ್ಯಾಯದಲ್ಲಿ ಯಂತ್ರವೇ ಇಲ್ಲ. ರಾಜನೂ ಹ್ಯಾಂಕನೂ ರೈತರ ವೇಷದಲ್ಲಿ ದೇಶ ಸುತ್ತುತ್ತಿದ್ದಾರೆ. ಒಂದು ಗುಡಿಸಲು. ಒಳಗೆ ಸಿಡುಬು. ಗಂಡ ಸತ್ತಿದ್ದಾನೆ, ಹೆಂಡತಿ ಸಾಯುತ್ತಿದ್ದಾಳೆ. ಮಗಳು ಅಟ್ಟದ ಮೇಲಿದ್ದಾಳೆ. ಹ್ಯಾಂಕ್ ರಾಜನಿಗೆ ಹೊರಗೆ ಹೋಗೆಂದು ಎಷ್ಟು ಹೇಳಿದರೂ ಅವನು ಕೇಳುವುದಿಲ್ಲ. ಏಣಿ ಹತ್ತಿ, ಸಿಡುಬೆದ್ದ ಆ ಹದಿನೈದರ ಹುಡುಗಿಯನ್ನು ಎದೆಗವಚಿಕೊಂಡು, ತಾಯಿ ಕೊನೆಯ ಸಲ ಮುಖ ನೋಡಲೆಂದು ಕೆಳಗೆ ತರುತ್ತಾನೆ. ಇಷ್ಟು ಹೊತ್ತು ದಡ್ಡನೆಂದು, ಹಳೆಯ ಕಾಲದ ಗೊಡ್ಡೆಂದು ಹ್ಯಾಂಕ್ ಗೇಲಿ ಮಾಡಿದ್ದ ರಾಜನೇ ಇವನು. ಹ್ಯಾಂಕನೂ ಇಲ್ಲಿ ಒಂದು ಕ್ಷಣ ತಲೆಬಾಗುತ್ತಾನೆ, ಅದು ಅವನ ದೊಡ್ಡತನ. ಮುಂದೆ ಇಬ್ಬರೂ ಗುಲಾಮರಾಗಿ ಹರಾಜಿಗೆ ಬಂದಾಗ ರಾಜನ ಬೆಲೆ ಏಳು ಡಾಲರ್, ಹ್ಯಾಂಕನದು ಒಂಬತ್ತು. ರಾಜನಿಗೆ ಗುಲಾಮನಾದದ್ದಕ್ಕಿಂತ ಏಳೇ ಡಾಲರಿಗೆ ಹೋದದ್ದರ ದುಃಖ ಹೆಚ್ಚು! ಒಂದೇ ಮನುಷ್ಯನಲ್ಲಿ ಈ ಎರಡನ್ನೂ ಕಂಡದ್ದು ಟ್ವೈನನ ಪ್ರತಿಭೆ. ಹ್ಯಾಂಕನ ಕಾರ್ಖಾನೆಗಳಲ್ಲಿ ಅವನು ಯಾರನ್ನೂ ಇಷ್ಟು ಹತ್ತಿರದಿಂದ ನೋಡಲಿಲ್ಲವಲ್ಲ ಎಂಬುದೇ ನಮ್ಮ ಕೊರಗು.

ಹನ್ನೆರಡು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಗ್ರಹಣ, ಬಾವಿ, ಸೋಪಿನ ವೀರರು, ರಾಜನನ್ನು ಬಿಡಿಸಲು ಬೈಸಿಕಲ್ ಏರಿ ಬರುವ ಐನೂರು ಮಂದಿ ಸವಾರರು, ಇಷ್ಟನ್ನು ಆರಿಸಿ ಓದಿ ಹೇಳಿದರೆ ಸಾಕು. ಹೈಸ್ಕೂಲಿನ ಮಕ್ಕಳು ಪೂರ್ತಿ ಓದಲಿ, ಕೊನೆಯ ಯುದ್ಧದ ಭಾಗವನ್ನು ತಂದೆತಾಯಿಗಳೂ ಜೊತೆಗೆ ಓದಲಿ. ಊರೂರಿನ ಲೈಬ್ರರಿಗಳಲ್ಲಿ ಪುಸ್ತಕ ಸಿಗುತ್ತದೆ. ಹಲವು ಮುದ್ರಣಗಳಿದ್ದರೆ ಡ್ಯಾನ್ ಬಿಯರ್ಡ್ ಬರೆದ ಮೂಲ ಚಿತ್ರಗಳಿರುವುದನ್ನೇ ಕೇಳಿ ತನ್ನಿ. ಅದರಲ್ಲಿ ಮೆರ್ಲಿನನ ಮುಖ ಕವಿ ಟೆನಿಸನ್ನನದು, ಚಾವಟಿ ಹಿಡಿದ ಗುಲಾಮ ವ್ಯಾಪಾರಿಯ ಮುಖ ಆಗಿನ ರೈಲು ದೊರೆ ಜೇ ಗೌಲ್ಡನದು. ಪುಸ್ತಕ ಹೊರಬಂದಾಗ ಗೌಲ್ಡ್ ಇನ್ನೂ ಬದುಕಿದ್ದ.